ಎರಡು ಮಾರು ಹಗ್ಗ

ಜನವರಿ 6, ಸೋಮವಾರ

ಇವತ್ತಿನಿಂದ ನೆಲದ ಮೇಲೆ. ನಾಲೆಗೆ ನೀರು ಬಿಟ್ಟ ಮೇಲೆ ಸುವರ್ಣಾವತಿ ಡ್ಯಾಮಿನ ದಡ ಐವತ್ತು ಗಜ ಹಿಂದಕ್ಕೆ ಹೋಗಿದೆ, ಉಳಿದದ್ದು ಕೆಸರು. ದೋಣಿಯನ್ನು ಶೆಡ್ಡಿನಲ್ಲಿ ಬೋರಲು ಹಾಕಿ, ಹುಟ್ಟುಗಳನ್ನು ಅಟ್ಟಕ್ಕೆ ಏರಿಸಿದ್ದಾಯಿತು. ಮತ್ತೆ ನೀರು ಬರುವ ತನಕ ಓಟವೇ ತರಬೇತಿ. ದೋಣಿ ಹೊಡೆಯುವವನಿಗೆ ಓಟ ಯಾಕೆ ಎಂದು ನಮ್ಮೂರು ಕುದೇರಿನ ಜನ ಹಲ್ಲು ಕಿಸಿಯುತ್ತಾರೆ. ಹುಟ್ಟು ಎಳೆಯುವುದು ಕೈಯಿಂದ ಎಂದುಕೊಂಡಿದ್ದಾರೆ ದಡ್ಡರು. ಕಾಲಿನಿಂದ ಒದ್ದರೆ ದೋಣಿ ಹೋಗುತ್ತದೆ, ಉಸಿರು ಗಟ್ಟಿಯಿದ್ದರೆ ಕೊನೆಯವರೆಗೂ ಹೋಗುತ್ತದೆ. ಎರಡೂ ಓಟದಲ್ಲಿ ಸಿಗುತ್ತವೆ.

ಪಲ್ಟನ್ನಿನಲ್ಲಿ ಹದಿನೇಳು ವರ್ಷ ತರಬೇತಿ ಡೈರಿ ಬರೆದವನು ನಾನು, ಹವಾಲ್ದಾರ್ ಗುರುಮಲ್ಲಯ್ಯ. ಈಗ ಬದನಗುಪ್ಪೆಯ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಸೆಕ್ಯೂರಿಟಿ ಕುರ್ಚಿಯ ಮೇಲೆ ಕೂತು ಬರೆಯುತ್ತಿದ್ದೇನೆ, ಅಷ್ಟೇ ವ್ಯತ್ಯಾಸ.

ಫೆಬ್ರವರಿ 23ಕ್ಕೆ ಬೆಂಗಳೂರಿನಲ್ಲಿ ದೋಣಿ ಸ್ಪರ್ಧೆಯ ರಾಜ್ಯ ಕ್ಯಾಂಪಿನ ಆಯ್ಕೆ. ಎಂಟು ಕಿಲೋಮೀಟರನ್ನು ಮೂವತ್ತೈದು ನಿಮಿಷದಲ್ಲಿ ಓಡಬೇಕು. ಜೋಡಿಯಾಗಿ ಹೆಸರು ಕೊಟ್ಟವರಲ್ಲಿ ಹಿಂದೆ ಬಂದವನ ಟೈಮೇ ಇಬ್ಬರದೂ. ಆಮೇಲೆ ಮೆಷಿನ್ ಮೇಲೆ ಹುಟ್ಟು ಎಳೆಯುವುದು, ಡಾಕ್ಟರ ತಪಾಸಣೆ. ನನ್ನ ಕಾಲದಲ್ಲಿ ಭುಜ ಕಳಚಿಕೊಂಡು ಆ ಕ್ಯಾಂಪಿನ ಬಾಗಿಲಿನಿಂದ ವಾಪಸು ಬಂದೆ. ಇವರಿಬ್ಬರು ಒಳಗೆ ಹೋಗಬೇಕು. ನನಗೆ ಬೇರೆ ಯಾವ ಆಸೆಯೂ ಇಲ್ಲ.

ಇವರಿಬ್ಬರು ಎಂದರೆ ನನ್ನ ಮಗ ಶಿವಮೂರ್ತಿ, ಮತ್ತು ರಿಯಾಜ್. ರಿಯಾಜ್ ಗುಂಡ್ಲುಪೇಟೆಯ ಹಾಸಿಗೆ ಅಂಗಡಿ ಗುಲಾಮ್ ಮೊಹಿದ್ದೀನ್ ಮಗ. ತಲೆ ಮೇಲೆ ಎರಡು ಹತ್ತಿ ಹಾಸಿಗೆ ಹೊತ್ತು ಮೂರನೇ ಮಹಡಿಗೆ ಏರುತ್ತಿದ್ದವನ ಬೆನ್ನು ನೋಡಿ, ಅವತ್ತೇ ಅವನ ಅಪ್ಪನ ಹತ್ತಿರ ಕೇಳಿ ಕರೆದುಕೊಂಡು ಬಂದೆ. ವಾರವೆಲ್ಲ ನಮ್ಮ ಮನೆಯಲ್ಲೇ ಇರುತ್ತಾನೆ, ಶನಿವಾರ ಊರಿಗೆ.

ಇಬ್ಬರ ಸೊಂಟಕ್ಕೂ ಸೇರಿಸಿ ಎರಡು ಮಾರು ನೈಲಾನ್ ಹಗ್ಗ ಕಟ್ಟಿದೆ. ಜೋಡಿ ದೋಣಿಯಲ್ಲಿ ಒಬ್ಬೊಬ್ಬನಿಗೆ ಒಂದೊಂದೇ ಹುಟ್ಟು. ಒಬ್ಬನ ಬಲ ಜಾಸ್ತಿಯಾದರೆ ದೋಣಿ ಗಿರಗಿರ ತಿರುಗುತ್ತದೆ. ನೆಲದ ಮೇಲೂ ಹಾಗೆಯೇ ಕಲಿಯಲಿ, ಒಂದೇ ಹೆಜ್ಜೆ, ಒಂದೇ ಉಸಿರು. ಇದು ನನ್ನದೇ ವಿದ್ಯೆ, ಯಾವ ಪುಸ್ತಕದಲ್ಲೂ ಇಲ್ಲ. ಓಡುವಾಗ ಮಗನಾದರೂ ನನ್ನನ್ನು ಸಾರ್ ಎನ್ನಬೇಕು. ಒಬ್ಬ ಬಿದ್ದರೆ ಇನ್ನೊಬ್ಬ ನಿಲ್ಲಬಾರದು.

38 ನಿಮಿಷ 40 ಸೆಕೆಂಡು. ಹಿಂದೆ ಬಿದ್ದವನು ರಿಯಾಜ್. ಹುಣಸೆ ಬರಲಿನಲ್ಲಿ ಇಬ್ಬರ ಮೀನಖಂಡಕ್ಕೂ ಮೂರು ಮೂರು.

ಜನವರಿ 9, ಗುರುವಾರ

38:15. ಇವತ್ತು ಯಾರಿಗೂ ಹೊಡೆಯಲಿಲ್ಲ. ಎರಡು ಏಟು, ಅದು ಲೆಕ್ಕಕ್ಕಿಲ್ಲ.

ಮೂರ್ತಿಗೆ ಮೊಣಕಾಲ ಕೆಳಗಿನ ಮೂಳೆ ನೋವಂತೆ. ಎಂಬತ್ತು ಕಿಲೋ ತೂಗುವ ಹುಡುಗರು ದಿನಾ ಡಾಂಬರಿನ ಮೇಲೆ ಓಡಬಾರದು, ವಾರಕ್ಕೆ ಮೂರು ದಿನ ಸಾಕು ಎಂದು ನನ್ನ ಜೊತೆ ದೋಣಿ ಹೊಡೆದವನೊಬ್ಬ ಫೋನಿನಲ್ಲಿ ಉಪದೇಶ ಮಾಡಿದ. ಅವನ ಶಿಷ್ಯರು ಯಾರೂ ಇದುವರೆಗೆ ಏನೂ ಗೆದ್ದಿಲ್ಲ. ನಮ್ಮ ಸುಬೇದಾರರು ಬೂಟಿನ ಮೂತಿಯಲ್ಲಿ ಇದೇ ಮೂಳೆಗೆ ಒದೆಯುತ್ತಿದ್ದರು. ಆ ವರ್ಷ ನಮಗೆ ಬೆಳ್ಳಿ ಬಂತು.

ಜನವರಿ 14, ಮಂಗಳವಾರ

ಸಂಕ್ರಾಂತಿ. ಹಬ್ಬಕ್ಕೆ ರಜೆ ಕೊಡುತ್ತೇನೆ ಎಂದುಕೊಂಡಿದ್ದರು, ಕೊಡಲಿಲ್ಲ. ನಾಲೆ ರಸ್ತೆಯಲ್ಲಿ ಎಂಟು ಕಿಲೋಮೀಟರ್, 37:50. ಬಂದವರ ಕಾಲಿನ ಬರೆ ನೋಡಿ ನನ್ನ ಹೆಂಡತಿ ಮಲ್ಲಿಗಮ್ಮ ಎಳ್ಳಿನ ತಟ್ಟೆ ನೆಲಕ್ಕೆ ಕುಕ್ಕಿದಳು.

"ಇವತ್ತೂ ಒಡುದ್ರಾ? ವರ್ಷಕ್ಕೊಂದ್ ದಿನ ಒಳ್ಳೇ ಮಾತಾಡಿ ಅಂತ ಎಳ್ಳು ಬೀರ್ತೀವಿ. ಯಾವ್ ಬಾಯಲ್ಲಿ ತಿಂದೀರಿ ಇದ?"

"ನಿನ್ ಮಗನಿಗೆ ಸೀಟು ಸಿಕ್ದಾಗ ತಿಂತೀನಿ ಬುಡು," ಎಂದೆ.

ಮೂರ್ತಿ ಊಟಕ್ಕೆ ಕೂತಾಗಲೂ "ಸಾರು ಬೇಕಾ ಸಾರ್" ಎಂದು ಕೇಳಿದ. ಮನೆಯೊಳಗೆ ಬೇಡ ಎಂದರೂ ಬಿಡಲಿಲ್ಲ. ಶಿಸ್ತು ಮೈಗೆ ಹತ್ತಿದೆ, ಒಳ್ಳೆಯದೇ. ರಿಯಾಜ್ ಒಂದು ಪೊಟ್ಟಣ ಎಳ್ಳುಬೆಲ್ಲ ಅವನ ಅಮ್ಮನಿಗೆಂದು ಕಟ್ಟಿಸಿಕೊಂಡ.

ಜನವರಿ 20, ಸೋಮವಾರ

ಸೋಮವಾರ ಸೋಮವಾರ ಪುಣಜನೂರಿನ ಕಾಡಿನ ರಸ್ತೆ. ಅಲ್ಲಿ ಏರು ಇದೆ, ಏರಿನಲ್ಲಿ ಓಡಿದರೆ ತೊಡೆಗೆ ದೋಣಿಯ ಕೆಲಸವೇ ಬೀಳುತ್ತದೆ. ಒಂದೇ ಬೈಕಿನಲ್ಲಿ ಮೂವರು ಹೋಗಿ, ಅವರನ್ನು ಇಳಿಸಿ, ಹಿಂದೆ ನಿಧಾನವಾಗಿ ನಾನು ಬರುವುದು.

ಎರಡನೇ ತಿರುವು ದಾಟಿದರೆ ರಸ್ತೆಯ ಅಂಚಿನಲ್ಲಿ ಆನೆ. ಸತ್ಯಮಂಗಲದ ಕಡೆ ಹೋಗುವ ಯಾವುದೋ ಲಾರಿಯಿಂದ ಬಿದ್ದ ಕಬ್ಬನ್ನು ಮೇಯುತ್ತಿತ್ತು. ಒಂಟಿ ಗಂಡು. ಹುಡುಗರು ಅದರಿಂದ ಮೂವತ್ತು ಹೆಜ್ಜೆ ದೂರದಲ್ಲಿದ್ದರು, ನಾನು ಇನ್ನೂ ಹಿಂದೆ. ಅದು ತಿರುಗಿತು, ಕಿವಿ ಅಗಲಿಸಿತು. ಮೂರ್ತಿ ಎಡಕ್ಕೆ ಚರಂಡಿಯ ಕಡೆ ಹಾರಿದ, ರಿಯಾಜ್ ಬಲಕ್ಕೆ ರಸ್ತೆಯ ಕಡೆ. ಹಗ್ಗ ಬಿಗಿಯಾಗಿ ಇಬ್ಬರೂ ದಬಕ್ಕನೆ ಡಾಂಬರಿನ ಮೇಲೆ ಬಿದ್ದರು. ಆನೆ ನಾಲ್ಕು ಹೆಜ್ಜೆ ಮುಂದಿಟ್ಟಿತು. ಎದ್ದರು, ಮತ್ತೆ ಒಬ್ಬನನ್ನೊಬ್ಬ ಎಳೆದು ಬಿದ್ದರು. ನಾನು ಕೂಗಬೇಕಿತ್ತು. ನನ್ನ ಬೈಕು ಆಫಾಗಿತ್ತು, ಬಾಯಿಯೂ ಆಫಾಗಿತ್ತು.

ಹಗ್ಗ ಬಿಚ್ಚಿದವನು ರಿಯಾಜ್. ಹಾಸಿಗೆ ಹೊಲಿಯುವವರ ಮನೆಯ ಹುಡುಗ, ಗಂಟು ಅವನಿಗೆ ನೀರು ಕುಡಿದ ಹಾಗೆ. ಮಲಗಿದ್ದಂತೆಯೇ ಎರಡು ಬೆರಳು ಹಾಕಿ ಬಿಡಿಸಿ, ಮೂರ್ತಿಯ ಬನಿಯನ್ನು ಹಿಡಿದು ದರದರ ಎಳೆದುಕೊಂಡು ನನ್ನ ಹತ್ತಿರ ಓಡಿ ಬಂದ. ಆನೆ ಒಂದು ಗಳಿಗೆ ನೋಡಿ ಮತ್ತೆ ಕಬ್ಬಿಗೆ ಬಾಯಿ ಹಾಕಿತು.

ಅಲ್ಲಿಯವರೆಗೂ ನಾನು ಬೈಕಿನಿಂದ ಇಳಿದೇ ಇರಲಿಲ್ಲ. ಅದನ್ನು ಅವರು ನೋಡಿಬಿಟ್ಟರು ಎನ್ನಿಸಿತು.

"ಹಗ್ಗ ಬಿಚ್ಚು ಅಂದೋರ್ ಯಾರ್ಲಾ?" ಎಂದೆ.

"ಸಾರ್, ಆನೆ..."

ಬಾರಿಸಿದೆ. ಬರಲಿನಲ್ಲಲ್ಲ, ಅಂಗೈ ತೆರೆದು, ಹೆಬ್ಬೆರಳು ಒಳಗೆ ಮಡಚಿ, ಎಡಗಿವಿಗೆ. ಸುಬೇದಾರರ ಏಟು ಅದು. ರಿಯಾಜ್ ನಿಂತ ಜಾಗದಲ್ಲೇ ಕುಕ್ಕರಿಸಿದ. ಮೂರ್ತಿ ಅವನನ್ನು ಎಬ್ಬಿಸಲು ಹೋಗಲಿಲ್ಲ, ನನ್ನ ಮುಖವನ್ನೇ ನೋಡುತ್ತಾ ನಿಂತ.

"ಕಿವೀಲಿ ಗಾಳಿ ಒಯ್ತಾ ಅದೆ ಸಾರ್," ಎಂದ ರಿಯಾಜ್ ಕಿವಿ ಒತ್ತಿ ಹಿಡಿದುಕೊಂಡು.

ಬಿಚ್ಚದಿದ್ದರೆ ಏನಾಗುತ್ತಿತ್ತು ಎಂಬುದು ಬೇರೆ ಪ್ರಶ್ನೆ. ಹೇಳದೆ ಬಿಚ್ಚಿದ್ದು ತಪ್ಪು. ಇವತ್ತು ಟೈಮ್ ಇಲ್ಲ.

ಜನವರಿ 21, ಮಂಗಳವಾರ

ಬೆಳಗ್ಗೆ ದಿಂಬಿನ ಮೇಲೆ ರಕ್ತದ ಕಲೆ. ಚಾಮರಾಜನಗರಕ್ಕೆ ಕರೆದುಕೊಂಡು ಹೋಗಿ ಕಿವಿ ಡಾಕ್ಟರಿಗೆ ತೋರಿಸಿದೆ. ತಮಟೆಯಂಥ ಪೊರೆ ಹರಿದಿದೆಯಂತೆ. ಓಡುವಾಗ ಬಿದ್ದ, ಕಲ್ಲು ಬಡಿಯಿತು ಎಂದೆ.

"ಕಲ್ಲಿಗೆ ಐದು ಬೆರಳಿತ್ತಾ?" ಎಂದು ಡಾಕ್ಟರು ಅವನ ಕೆನ್ನೆ ನೋಡುತ್ತಾ ಕೇಳಿದರು. ಇವರಿಗೆ ಮಾತು ಜಾಸ್ತಿ. ತಾನೇ ಕೂಡಿಕೊಳ್ಳುತ್ತದೆ, ಆರು ವಾರ ನೀರು ಸೋಕಬಾರದು, ಏಟು ಬೀಳಬಾರದು. ಹತ್ತು ದಿನ ಓಟವೂ ಬೇಡ.

ಅಲ್ಲಿಂದ ಗುಂಡ್ಲುಪೇಟೆ. ಗುಲಾಮ್ ಮೊಹಿದ್ದೀನ್ ಸಾಹೇಬರು ಹತ್ತಿ ಬಡಿಯುತ್ತಿದ್ದ ಕೋಲು ಕೆಳಗಿಟ್ಟು, ಗಡ್ಡದ ಮೇಲಿನ ಹತ್ತಿ ಒರೆಸಿಕೊಂಡು ಎದ್ದು ಬಂದರು. ಕಲ್ಲಿನ ಕತೆಯನ್ನು ಇನ್ನೊಮ್ಮೆ ಹೇಳಿದೆ. ರಿಯಾಜ್ ತಲೆ ಅಲ್ಲಾಡಿಸಿದ. ದಾರಿಯಲ್ಲಿ ನಾನೇ ಹೇಳಿಕೊಟ್ಟಿದ್ದೆ. ಅವನ ತಾಯಿ ದಿಲ್ಶಾದ್ ಬೇಗಂ ಬಾಗಿಲ ಪರದೆಯ ಹಿಂದೆ ನಿಂತು, "ನೀವಿದ್ದಿದ್ದಕ್ಕೆ ಆಸ್ಪತ್ರೆಗೆ ಹೋದ ಮಾಸ್ಟ್ರೇ, ಇಲ್ಲಾಂದ್ರೆ ಮುಚ್ಚಿಡ್ತಿದ್ದ ಇಂವ," ಎಂದು ಟೀ ಕಳಿಸಿದರು. ಏಲಕ್ಕಿ ಹಾಕಿದ ಟೀ. ಅರ್ಧ ಲೋಟ ಹಾಗೇ ಬಿಟ್ಟೆ, ತುಂಬ ಬಿಸಿಯಿತ್ತು.

ಜನವರಿ 24, ಶುಕ್ರವಾರ

ಮೂರ್ತಿಯನ್ನು ಒಂಟಿಯಾಗಿ ಓಡಿಸಿದರೆ ಜೋಡಿಯ ಅಭ್ಯಾಸ ತಪ್ಪಿಹೋಗುತ್ತದೆ. ಅದಕ್ಕೆ ಹಗ್ಗದ ಇನ್ನೊಂದು ತುದಿಯನ್ನು ನನ್ನ ಸೊಂಟಕ್ಕೆ ಕಟ್ಟಿಕೊಂಡೆ. ನಲವತ್ತೇಳು ವಯಸ್ಸಾದರೇನು, ನಾನೂ ಓಡಿದವನೇ.

ಎರಡು ಕಿಲೋಮೀಟರ್ ಚೆನ್ನಾಗಿ ಹೋಯಿತು. ಮೂರನೆಯದರಲ್ಲಿ ಅವನು ವೇಗ ಏರಿಸಿದ. ಏರಿಸು ಎಂದು ನಾನು ಹೇಳಿರಲಿಲ್ಲ. ನಾಲೆಯ ಮೋರಿ ಹತ್ತಿರ ಎಡವಿ ಮುಖ ಅಡಿಯಾಗಿ ಬಿದ್ದೆ. "ನಿಲ್ಲುಸ್ಲಾ!" ಎಂದು ಕೂಗಿದೆ. ಹಗ್ಗ ಸೊಂಟ ಕಿತ್ತುಕೊಂಡು ಹೋಗುವ ಹಾಗೆ ಎಳೆಯಿತು. ಹತ್ತು ಹನ್ನೆರಡು ಹೆಜ್ಜೆ ಜಲ್ಲಿಯ ಮೇಲೆ ಎಳೆದುಕೊಂಡು ಹೋದ. ಮೊಣಕೈ, ಮಂಡಿ, ಗಲ್ಲ ಎಲ್ಲ ಸಿಪ್ಪೆ ಎದ್ದಿದೆ. ಆಮೇಲೆ ನಿಂತು, ತಿರುಗದೆ, ಸೊಂಟದ ಮೇಲೆ ಕೈ ಇಟ್ಟುಕೊಂಡು ಕಾದ.

"ಕೂಗಿದ್ದು ಕೇಳ್ನಿಲ್ವಾ?"

"ಕೇಳ್ತು ಸಾರ್. ಬಿದ್ದೋರ್ಗೆ ನಿಲ್ಬಾರ್ದು ಅಂತ ನೀವೇ ಯೋಳಿದ್ದು."

ಸರಿಯಾದ ಉತ್ತರ. ಹುಡುಗನಿಗೆ ನಿಯಮ ನೆನಪಿದೆ.

ಕಿವಿಗೆ ಹತ್ತಿ ತುರುಕಿಕೊಂಡು ರಿಯಾಜ್ ಮೋರಿಯ ಕಟ್ಟೆಯ ಮೇಲೆ ಗಡಿಯಾರ ಹಿಡಿದು ಕೂತಿದ್ದ. ಊರಿಗೆ ಹೋಗಿರು ಎಂದರೂ ಎರಡೇ ದಿನಕ್ಕೆ ಬಂದುಬಿಟ್ಟಿದ್ದಾನೆ. ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಜನವರಿ 29, ಬುಧವಾರ

ನಾಲ್ಕನೇ ದಿನ ಹಗ್ಗದಲ್ಲಿ. ಎರಡು ಸಲ ಬಿದ್ದೆ. ಹೆಬ್ಬೆರಳಿನ ಉಗುರು ಹೋಯಿತು.

ಒಂದು ವಿಷಯ ಗೊತ್ತಾಯಿತು. ಹಿಂದೆ ಎಳೆಸಿಕೊಂಡು ಓಡುವವನ ಕಾಲು ತನ್ನ ಜಾಗದಲ್ಲಿ ಬೀಳುವುದಿಲ್ಲ, ಹಗ್ಗ ಹೇಳಿದ ಜಾಗದಲ್ಲಿ ಬೀಳುತ್ತದೆ. ಹಾಗಾಗಿ ಉಸಿರೂ ತಪ್ಪುತ್ತದೆ. ರಿಯಾಜ್ ಮೈಗಳ್ಳ ಎಂದುಕೊಂಡಿದ್ದೆ. ಇರಲಿ.

ಫೆಬ್ರವರಿ 4, ಮಂಗಳವಾರ

ರಿಯಾಜ್ ಓಟಕ್ಕೆ ಇಳಿದ. ಮೊದಲ ದಿನವಾದ್ದರಿಂದ ಹಗ್ಗ ಬೇಡ ಎಂದೆ. ಪಕ್ಕಪಕ್ಕದಲ್ಲಿ ಬಿಡುಬಿಡುವಾಗಿ ಓಡಿದರು. 36:30! ಹದಿನೈದು ದಿನ ಕೂತು ತಿಂದವನು ಇಷ್ಟು ಓಡಿದ ಎಂದರೆ ನಂಬಲು ಆಗುವುದಿಲ್ಲ. ಗಡಿಯಾರ ಕೆಟ್ಟಿರಬೇಕು.

ನಾಳೆಯೂ ಹೀಗೇ ಓಡಿ ಎಂದು ಹೇಳುವಷ್ಟರಲ್ಲಿ ಮೂರ್ತಿ ಹಗ್ಗ ತಂದು ನನ್ನ ಮುಂದೆ ಹಾಕಿದ. "ಹಗ್ಗ ಇರ್ಬೇಕು ಸಾರ್. ಎರಡ್ನೇವ್ನ ಟೈಮೇ ಇಬ್ರುದೂ. ಇವ್ನ ಬುಟ್ರೆ ಇಂದೆ ಉಳೀತಾನೆ."

"ನಾನೆಲ್ಲಿ ಉಳ್ದೆ ಇವತ್ತು?" ಎಂದ ರಿಯಾಜ್.

"ನೀನ್ ಮುಚ್ಕೊಂಡ್ ಕಟ್ಸ್ಕೊಳ್ಲಾ."

ನನ್ನ ಮಾತು ಅವನ ಬಾಯಲ್ಲಿ ಚೆನ್ನಾಗಿ ಕೂತಿದೆ. ನಾಳೆಯಿಂದ ಕಟ್ಟಿಕೊಳ್ಳಲಿ ಎಂದೆ. ಸಾಯಂಕಾಲದವರೆಗೂ ಮನಸ್ಸು ಸರಿಯಿರಲಿಲ್ಲ, ಉಗುರಿನ ನೋವು.

ಫೆಬ್ರವರಿ 8, ಶನಿವಾರ

37:20. ಈ ವಾರ ಮೂರು ಸಲ ಹುಣಸೆ ಬರಲನ್ನು ಮನೆಯಲ್ಲೇ ಮರೆತು ಹೋದೆ. ವಯಸ್ಸಾಗುತ್ತಿದೆ.

ಇವತ್ತು ನಾಲೆ ತಿರುವಿನಲ್ಲಿ ಬಲಕ್ಕೆ ಹೋಗಿ ಎಂದು ತೋರಿಸಲು ಕೈ ಎತ್ತಿದೆ. ರಿಯಾಜ್ ತಟ್ಟನೆ ಕೂತು ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಹಗ್ಗ ಜಗ್ಗಿ ಮೂರ್ತಿಯೂ ಬಿದ್ದ. ಬಿದ್ದ ಮೂರ್ತಿ ಎದ್ದು ರಿಯಾಜನ ಬೆನ್ನಿಗೆ ಒದ್ದ. ದಾರಿ ತೋರಿಸಿದೆ ಅಷ್ಟೇ ಕಣಯ್ಯ ಎಂದು ನಾನು ಹೇಳುತ್ತಲೇ ಇದ್ದೆ, ಇಬ್ಬರಿಗೂ ಕೇಳಿಸಿದ ಹಾಗೆ ಕಾಣಲಿಲ್ಲ. ಎಡಗಡೆಯಿಂದ ಮಾತಾಡಿದರೆ ರಿಯಾಜನಿಗೆ ಕೇಳುವುದೂ ಇಲ್ಲ.

ಮಧ್ಯಾಹ್ನ ಗೇಟಿನಲ್ಲಿ ಒಬ್ಬ ಲಾರಿ ಡ್ರೈವರ್ ಜಗಳಕ್ಕೆ ಬಂದ. ಕಾಲರ್ ಹಿಡಿಯಬೇಕಾದವನು ಸುಮ್ಮನೆ ಗೇಟು ತೆಗೆದೆ. ಜೊತೆಯ ಪುಟ್ಟಮಲ್ಲಪ್ಪ, "ಹುಷಾರಿಲ್ವಾ ಹವಾಲ್ದಾರ್ರೇ?" ಎಂದು ಕೇಳಿದ.

ಫೆಬ್ರವರಿ 12, ಬುಧವಾರ

ಕಿವಿ ಡಾಕ್ಟರ ಹತ್ತಿರ ಹೋಗಿದ್ದೆವು, ನಾನೂ ರಿಯಾಜೂ. ಲೈಟು ಬಿಟ್ಟು ನೋಡಿ, "ಪೊರೆ ಕೂಡಿದೆ, ಹುಡುಗನ ಮೈ ಒಳ್ಳೆಯದು," ಎಂದರು. ಇನ್ನೂ ತೆಳುವಾಗಿದೆಯಂತೆ. ಮೂರು ವಾರ ಕಾಪಾಡಿಕೊಂಡರೆ ನೀರಿಗೂ ಇಳಿಯಬಹುದು.

ಹೊರಗೆ ಬಂದವನೇ ಅವನಿಗೆ ಎರಡು ಮಸಾಲೆ ದೋಸೆ ಕೊಡಿಸಿದೆ. ನಾನು ತಿನ್ನಲಿಲ್ಲ, ಅವನು ತಿನ್ನುವುದನ್ನು ನೋಡಿದೆ. ನನಗೆ ಅಳು ಬಂತು. ಹೋಟೆಲಿನಲ್ಲಿ ಹೊಗೆಯೂ ಇತ್ತು.

ಮೂರ್ತಿಗೆ ಇದನ್ನು ಹೇಳಬೇಡ ಎಂದಿದ್ದೇನೆ. ವಾಸಿಯಾಯಿತು ಎಂದು ಗೊತ್ತಾದರೆ ಹಗ್ಗ ಇನ್ನೂ ಜೋರಾಗಿ ಎಳೆಯುತ್ತಾನೆ. ಇನ್ನೂ ಹರಿದೇ ಇದೆ ಎಂದುಕೊಂಡಿರಲಿ, ಕನಿಕರವಾದರೂ ಇರುತ್ತದೆ.

ಫೆಬ್ರವರಿ 14, ಶುಕ್ರವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆರನೇ ಕಿಲೋಮೀಟರಿನ ತನಕ ಗಡಿಯಾರ ಚೆನ್ನಾಗಿತ್ತು. ಇವತ್ತು ಮೂವತ್ತೈದು ಮುಟ್ಟುತ್ತದೆ ಎಂದು ನಾನು ಬೈಕಿನಲ್ಲಿ ಕೂತೇ ಕುಣಿಯುತ್ತಿದ್ದೆ. ರಿಯಾಜ್‌ಗೆ ಪಕ್ಕೆ ಹಿಡಿಯಿತು, ನಿಂತ. ಮೂರ್ತಿ ಎಳೆದ, ರಿಯಾಜ್ ಬಿದ್ದ. ಮೂರ್ತಿ ನಿಲ್ಲಲಿಲ್ಲ, ಎಳೆದುಕೊಂಡೇ ಹೋದ. ರಿಯಾಜನ ಬೆರಳು ಗಂಟಿಗೆ ಹೋಯಿತು, ಹಗ್ಗ ಬಿಚ್ಚಿಕೊಂಡ. ಮೂರ್ತಿ ತಿರುಗಿ ಬಂದು ಅವನನ್ನು ಕೊರಳಪಟ್ಟಿ ಹಿಡಿದು ಎತ್ತಿದ.

"ಹಗ್ಗ ಬಿಚ್ಚು ಅಂದೋರ್ ಯಾರ್ಲಾ?"

ಬಾರಿಸಿದ. ಅಂಗೈ ತೆರೆದು, ಹೆಬ್ಬೆರಳು ಒಳಗೆ ಮಡಚಿ, ಎಡಗಿವಿಗೆ. ಅದೇ ಕಿವಿ. ಇದನ್ನು ಅವನಿಗೆ ನಾನು ಕಲಿಸಿಲ್ಲ. ಒಂದು ಸಲ ನೋಡಿದ್ದ, ಅಷ್ಟೇ.

ನಾನು ಬೈಕು ಬಿಸಾಕಿ ಓಡಿದೆ. "ಯಾಕ್ಲಾ ಒಡದೆ ಅವ್ನ?"

"ನೀವ್ ಯಾಕ್ ಒಡುದ್ರೋ ಅದುಕ್ಕೇ ಸಾರ್."

ನನ್ನ ಕೈ ಮೇಲೆ ಹೋಯಿತು. ಮೂರ್ತಿ ಕೈ ಹಿಂದೆ ಕಟ್ಟಿಕೊಂಡು, ಎದೆ ಸೆಟೆಸಿ, ಮುಖ ಸ್ವಲ್ಪ ಬಲಕ್ಕೆ ತಿರುಗಿಸಿ ಕಿವಿ ಕೊಟ್ಟು ನಿಂತ. ಹೊಡೆಯಬಾರದು ಎಂದು ನನಗೆ ಗೊತ್ತಿತ್ತು, ನಿಜವಾಗಿಯೂ ಗೊತ್ತಿತ್ತು. ಹೊಡೆದೆ. ಅವನ ತುಟಿ ಒಡೆದು ಹಲ್ಲಿನ ಮೇಲೆಲ್ಲ ರಕ್ತ. ಅವನು ಉಗುಳಿ, ನನ್ನ ಕಡೆ ನೋಡದೆ ರಿಯಾಜ್‌ಗೆ ಕೈ ಕೊಟ್ಟು ಎಬ್ಬಿಸಿದ.

"ನಿಂಗೊಂದು ನಂಗೊಂದು. ಸಮ ಆಯ್ತು ಕಣ್ಲಾ. ಏಳು, ಓಡನ."

ಓಡಿದರು. ಹಗ್ಗವಿಲ್ಲದೆ, ಒಂದೇ ಹೆಜ್ಜೆ, ಒಂದೇ ಉಸಿರು. ಜಗಳದ ಹೊತ್ತು ಕಳೆದರೆ 35:10. ಇದುವರೆಗಿನ ಎಲ್ಲದಕ್ಕಿಂತ ಒಳ್ಳೆಯ ಟೈಮ್. ನಾನು ರಸ್ತೆಯಲ್ಲಿ ನಿಂತು ಅವರ ಬೆನ್ನು ನೋಡಿದೆ. ಖುಷಿಯಾಗಬೇಕಿತ್ತು.

ಕಿವಿ ಕೇಳುತ್ತದಾ ಎಂದು ರಿಯಾಜನನ್ನು ಎರಡು ಸಲ ಕೇಳಿದೆ. "ಕೇಳ್ತದೆ ಸಾರ್," ಎಂದ. ಡಾಕ್ಟರ ಹತ್ತಿರ ಹೋಗೋಣವೇ ಎಂದು ಕೇಳಲಿಲ್ಲ. ಅವರು ಏನು ಹೇಳುತ್ತಾರೋ ಎಂದು ಹೆದರಿಕೆ. ಇದನ್ನು ಇಲ್ಲಾದರೂ ಬರೆದಿಡುತ್ತೇನೆ.

ಫೆಬ್ರವರಿ 16, ಭಾನುವಾರ

ಗುಂಡ್ಲುಪೇಟೆಗೆ ಹೋಗಿದ್ದೆ. ಯಾಕೆ ಹೋದೆ ಎಂದು ಗೊತ್ತಿಲ್ಲ, ಕಾಲು ಹೋಯಿತು. ರಿಯಾಜ್ ಅಂಗಡಿಗೆ ಹತ್ತಿ ತರಲು ಹೋಗಿದ್ದ. ಗುಲಾಮ್ ಮೊಹಿದ್ದೀನ್ ಸಾಹೇಬರ ಎದುರು ಕೂತು ಹೇಳಿದೆ. ಕಲ್ಲಲ್ಲ, ನನ್ನ ಕೈ ಎಂದೆ. ನನ್ನ ಮಗನದೂ ಒಂದು ಬಿದ್ದಿದೆ ಎಂದೆ.

ಅವರು ಸೂಜಿಗೆ ದಾರ ಪೋಣಿಸುತ್ತಿದ್ದವರು ತಲೆ ಎತ್ತಲಿಲ್ಲ. "ಗೊತ್ತು ಮಾಸ್ಟ್ರೇ. ಅವತ್ತೇ ಗೊತ್ತು. ಮುಖದ ಮ್ಯಾಲೇ ಇತ್ತಲ್ಲ."

"ಮತ್ತೆ ನನ್ನ ಯಾಕೆ ಕೇಳ್ನಿಲ್ಲ ನೀವು?"

"ಕಲ್ಸೋರು ಒಡ್ದೇ ಒಡೀತಾರೆ. ನಮ್ಮಪ್ಪ ಈ ಸೂಜೀಲೇ ನನ್ ಬೆರಳಿಗೆ ಚುಚ್ಚಿ ಕೆಲ್ಸ ಕಲ್ಸಿದ್ದು. ಕಿವಿ ವಾಸಿಯಾಗ್ತದೆ. ಸೀಟು ಸಿಗ್ತದಾ, ಅದ್ ಯೋಳಿ."

ಆ ಮಾತಿಗೆ ನಾನು ಉತ್ತರ ಕೊಡುವ ಮೊದಲೇ ಪರದೆ ಸರಿಯಿತು. ದಿಲ್ಶಾದ್ ಬೇಗಂ ಅವರಿಗೆ ಗೊತ್ತಿರಲಿಲ್ಲ. ಮೊದಲ ಸಲ ಅವರ ಮುಖ ನೋಡಿದ್ದು. ಗೋಡೆಗೆ ಒರಗಿಸಿದ್ದ ಹತ್ತಿ ಬಡಿಯುವ ಕೋಲು ತೆಗೆದುಕೊಂಡರು. ಮೊದಲ ಏಟು ಭುಜಕ್ಕೆ ಬಿತ್ತು, ಕಳಚಿದ್ದ ಅದೇ ಭುಜಕ್ಕೆ. ಎರಡನೆಯದು ಬೆನ್ನಿಗೆ. ನಾನು ಏಳಲಿಲ್ಲ. ಮೂರನೆಯದನ್ನು ಸಾಹೇಬರು ಹಿಡಿದುಕೊಂಡರು.

"ಮಾಸ್ಟ್ರಿಗೆ ಒಡೀತೀಯಾ? ಹುಚ್ಚು ಹಿಡೀತಾ?"

"ಟೀ ಕೊಟ್ಟೆ ನಾನು ಇವ್ರಿಗೆ! ಅಲ್ಲಾಹ್ ಒಳ್ಳೇದ್ ಮಾಡ್ಲಿ ಅಂದೆ!" ಎಂದು ಅವರು ಕಿರುಚಿದರು. ಆಮೇಲೆ ಗಂಡನ ಕಡೆ ತಿರುಗಿ, "ನನ್ ಮಗನ್ ಕಿವಿ ಕೊಟ್ಟು ಸೀಟು ತಗಂಡ್ರಾ ನೀವಿಬ್ರೂ? ನನ್ನ ಒಂದ್ ಮಾತ್ ಕೇಳಿದ್ರಾ? ಎಲ್ಲೂ ಹೋಗಲ್ಲ ಅಂವ. ದೋಣೀನೂ ಬೇಡ, ಓಟಾನೂ ಬೇಡ," ಎಂದರು.

ಕೋಲು ಕೈಬಿಟ್ಟು ಹತ್ತಿಯ ರಾಶಿಯ ಮೇಲೆ ಕೂತು ಅತ್ತರು. ರಿಯಾಜ್ ಬಾರದಿದ್ದರೆ ಜೋಡಿ ಇಲ್ಲ, ಮೂರ್ತಿಗೂ ಕ್ಯಾಂಪು ಇಲ್ಲ. ಅದು ನನಗೆ ಬಸ್ಸು ಹತ್ತಿದ ಮೇಲೆ ನೆನಪಾಯಿತು.

ಬಲಗೈ ಮೇಲಕ್ಕೆ ಎತ್ತಲು ಆಗುತ್ತಿಲ್ಲ. ಬಸ್ಸಿನಿಂದ ಇಳಿಯುವಾಗ ಬಿದ್ದೆ ಎಂದು ಮಲ್ಲಿಗಮ್ಮನಿಗೆ ಹೇಳಿದ್ದೇನೆ. ಅವಳು ನಂಬಲಿಲ್ಲ.

ಫೆಬ್ರವರಿ 19, ಬುಧವಾರ

ರಿಯಾಜ್ ಬಂದಿಲ್ಲ. ಮೂರ್ತಿ ಒಬ್ಬನೇ ಓಡಿದ, 34:20. ಟೈಮ್ ಹೇಳಿದೆ, ಬೂಟು ಬಿಚ್ಚಿ ಎಸೆದು ಒಳಗೆ ಹೋದ. ಸಾಯಂಕಾಲ ಅವನು ಹಿತ್ತಲಿನಲ್ಲಿ ಎಮ್ಮೆಯ ಕರುವಿಗೆ ಹೊಡೆಯುತ್ತಿದ್ದ ಎಂದು ಅವನ ಅಮ್ಮ ಹೇಳಿದಳು. ಯಾವತ್ತೂ ಹೊಡೆದವನಲ್ಲ.

ಫೆಬ್ರವರಿ 22, ಶನಿವಾರ

ಬೆಳಗ್ಗೆ ಬ್ಯಾಗು ಹಿಡಿದು ರಿಯಾಜ್ ಬಾಗಿಲಲ್ಲಿ ನಿಂತಿದ್ದ. ಅಮ್ಮ ಅತ್ತೂ ಅತ್ತೂ ಕೊನೆಗೆ ಕಳಿಸಿದರಂತೆ.

"ಒಂದ್ ಮಾತು ಸಾರ್. ನೀವ್ ಬರಬಾರ್ದು. ಅಮ್ಮಿ ಅಂಗಂದ್ರು. ನಾನೂ ಅಂಗೇ ಅಂತೀನಿ."

ಮೂರ್ತಿ ಬೂಟಿನ ದಾರ ಕಟ್ಟುತ್ತಾ ತಲೆ ತಗ್ಗಿಸಿದ್ದ. ಆಯಿತಪ್ಪಾ ಎಂದೆ. ಎರಡು ವರ್ಷದಿಂದ ಕಾದ ಓಟ. ಮಲ್ಲಿಗಮ್ಮ ಇಬ್ಬರಿಗೂ ಚಪಾತಿ ಕಟ್ಟಿ ಕೊಟ್ಟಳು. ಚಾಮರಾಜನಗರದ ಸ್ಟ್ಯಾಂಡಿನವರೆಗೆ ಬಿಟ್ಟು ಬರುತ್ತೇನೆ ಎಂದೆ, ಅದಕ್ಕೂ ಬೇಡ ಎಂದರು.

ಫೆಬ್ರವರಿ 23, ಭಾನುವಾರ

ಎಂಟೂಕಾಲಿಗೆ ಮೂರ್ತಿಯ ಮೆಸೇಜು. 34:41. ಇಬ್ಬರೂ ಒಟ್ಟಿಗೆ ಮುಟ್ಟಿದರಂತೆ. ಗೇಟಿನಲ್ಲಿ ಇದ್ದವರನ್ನೆಲ್ಲ ತಬ್ಬಿಕೊಂಡೆ. ಪುಟ್ಟಮಲ್ಲಪ್ಪನನ್ನು ಎತ್ತಲು ಹೋಗಿ ಭುಜ ಕಳಕ್ಕೆಂದಿತು. ಮೆಷಿನ್ ಪರೀಕ್ಷೆಯೂ ಆಯಿತು ಎಂದು ಹತ್ತೂವರೆಗೆ ಬಂತು. ಆಮೇಲೆ ಏನೂ ಇಲ್ಲ.

ಮೂರು ಗಂಟೆಗೆ ಫೋನು.

"ರಿಯಾಜ್‌ನ ಕಳುಸ್ಬುಟ್ರು," ಎಂದ ಮೂರ್ತಿ. "ಕಿವಿ ಪೊರೆ ಹರ್ದದಂತೆ. ನೀರಿಗಿಳಿಯಂಗಿಲ್ಲ ಅಂದ್ರು. ಒಂದ್ ಗಂಟೆಗೇ ಬಸ್ ಹತ್ತುದ. ನನ್ನ ಮಡಿಕಂಡವ್ರೆ, ಕೊಡಗಿನೋನ್ ಒಬ್ಬನ ಜೊತೆಗ್ ಹಾಕ್ತಾರಂತೆ."

ನಾನು ಫೋನು ಹಿಡಿದು ಗೇಟಿನಾಚೆ ನಡೆದೆ.

"ಹೆಂಗಾಯ್ತು ಅಂತ ಡಾಕ್ಟ್ರು ಕೇಳಿದ್ರು. ಅಂವ ಬಾಯೇ ಬುಡ್ನಿಲ್ಲ. ನಾನ್ ಪಕ್ಕದಲ್ಲೇ ಇದ್ದೆ." ಅವನ ಉಸಿರು ಕೇಳಿಸುತ್ತಿತ್ತು, ಎಂಟು ಕಿಲೋಮೀಟರ್ ಈಗ ತಾನೇ ಓಡಿ ಬಂದವನ ಹಾಗೆ. "ಯಾರ್ ಏಟದು? ಯೋಳು. ನಿಂದಾ? ನಂದಾ?"

ಹನ್ನೆರಡನೇ ತಾರೀಕು ಪೊರೆ ಕೂಡಿತ್ತು. ನಾನು ಕಣ್ಣಾರೆ ಕಂಡಿರಲಿಲ್ಲ, ಡಾಕ್ಟರು ಕಂಡಿದ್ದರು. ಹದಿನಾಲ್ಕಕ್ಕೆ ಬಿದ್ದದ್ದು ಮೂರ್ತಿಯ ಕೈ. ಅವನಿಗೆ ಹತ್ತೊಂಬತ್ತು ವರ್ಷ. ನಾಳೆಯಿಂದ ನೀರಿನ ಮೇಲೆ ಕೂತು ಮುಂದಿನವನ ಬೆನ್ನು ನೋಡುತ್ತಾ ಹುಟ್ಟು ಎಳೆಯಬೇಕು.

"ನಂದು," ಎಂದೆ. "ಅದು ವಾಸೀನೇ ಆಗಿರ್ನಿಲ್ಲ ಕಣ್ಲಾ. ನೀನ್ ಒಡ್ಯಕ್ ಮುಂಚೇನೇ ಹರ್ದಿತ್ತು. ನಿನ್ ಏಟಿಂದ ಏನೂ ಆಗಿಲ್ಲ."

"ನಾನ್ ಸಾಯಗಂಟ ನಿನ್ ಮೊಕ ನೋಡಾಕಿಲ್ಲ," ಎಂದ.

"ಸರಿ ಕಣ್ಲಾ. ಊಟ ಮಾಡು ಹೋಗು."

ಇಟ್ಟುಬಿಟ್ಟ. ಅವನು ಅಳುತ್ತಿದ್ದ. ನಾನು ಸುಳ್ಳು ಹೇಳುತ್ತಿದ್ದೇನೆ ಎಂದುಕೊಂಡೇ ಆ ಮಾತು ಹೇಳಿದ್ದು. ಹೇಳಿ ಮುಗಿಸಿದ ಮೇಲೆ ಹುಡುಕಿದರೆ ಸುಳ್ಳು ಎಲ್ಲಿದೆ ಎಂದೇ ಗೊತ್ತಾಗಲಿಲ್ಲ.

ರಿಯಾಜ್‌ಗೆ ಫೋನು ಮಾಡಿದೆ. ಬಸ್ಸಿನ ಸದ್ದಿನಲ್ಲಿ ಬಲಗಿವಿಗೆ ಇಟ್ಟುಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಮೂರ್ತಿ ಕೇಳಿದರೆ ಕಿವಿ ಯಾವತ್ತೂ ವಾಸಿಯಾಗಿರಲಿಲ್ಲ ಎಂದು ಹೇಳಪ್ಪ ಎಂದು ಬೇಡಿದೆ. ಈ ಹುಡುಗನಿಗೆ ಇನ್ನೊಂದು ಸಲ ಸುಳ್ಳು ಹೇಳಿಕೊಡುತ್ತಿದ್ದೇನೆ ಎಂದು ನಾಲಿಗೆ ತಡವರಿಸಿತು.

"ಅಂಗೇ ಯೋಳ್ತೀನಿ ಸಾರ್," ಎಂದ. "ನಿಮ್ಗೋಸ್ಕರ ಅಲ್ಲ. ಮೂರ್ತಿಗೆ."

ಈಗ ನಾಲ್ಕೂಕಾಲು. ಪುಟ್ಟಮಲ್ಲಪ್ಪನಿಗೆ ಗೇಟು ಒಪ್ಪಿಸಿದ್ದೇನೆ. ರಿಯಾಜನ ಬಸ್ಸು ಗುಂಡ್ಲುಪೇಟೆ ಸೇರುವುದು ಏಳಕ್ಕೆ. ಅಷ್ಟರೊಳಗೆ ನಾನು ಆ ಮನೆ ಮುಟ್ಟಿ, ಮಗನದೂ ಒಂದು ಎಂದು ಅವತ್ತು ಅಂದದ್ದು ತಪ್ಪು, ಎರಡೂ ಏಟು ನನ್ನದೇ ಎಂದು ಆ ತಾಯಿಗೆ ಹೇಳಬೇಕು.